ಬರ್ನಾರ್ಡ್ ಮೇಡಾಫ್ ವಂಚನೆ ಮತ್ತು ಅಮೆರಿಕದ ನಿಯಂತ್ರಕರ ವೈಫಲ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಕರಣವನ್ನು ಚಿಕ್ಕದಾಗಿ ಹೇಳುವುದಾದರೆ ಹೇಗೆ?

ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಗಣ್ಯನೆನಿಸಿಕೊಂಡಿದ್ದ ಬರ್ನಾರ್ಡ್ ಮೇಡಾಫ್ ದಶಕಗಳ ಕಾಲ ವ್ಯಕ್ತಿಗಳಿಂದ, ದತ್ತಿ ಸಂಸ್ಥೆಗಳಿಂದ, ವಿಶ್ವವಿದ್ಯಾಲಯಗಳಿಂದ ಮತ್ತು ಹೂಡಿಕೆ ನಿಧಿಗಳಿಂದ ಹಣ ಪಡೆದ. ಅದನ್ನು ಷೇರುಗಳಲ್ಲಿ ತೊಡಗಿಸಿದ್ದೇನೆಂದು ತಿಂಗಳು ತಿಂಗಳೂ ಸುಳ್ಳು ಲೆಕ್ಕಪತ್ರ ಕಳಿಸುತ್ತಾ, ಹಣ ವಾಪಸ್ ಕೇಳಿದವರಿಗೆ ಬೇರೆಯವರು ಕಟ್ಟಿದ ಹಣವನ್ನೇ ಎತ್ತಿ ಕೊಡುತ್ತಿದ್ದ. 2008ರ ಡಿಸೆಂಬರ್ 11ರಂದು ಆತನ ಬಂಧನವಾದಾಗ ಗ್ರಾಹಕರ ಕಾಗದಗಳಲ್ಲಿ ಒಟ್ಟು ಸುಮಾರು 6,480 ಕೋಟಿ ಡಾಲರ್ ಇರುವಂತೆ ತೋರಿಸಲಾಗಿತ್ತು. ವಾಸ್ತವದಲ್ಲಿ ಅಷ್ಟು ಹಣವೂ ಇರಲಿಲ್ಲ, ಷೇರುಗಳೂ ಇರಲಿಲ್ಲ.

ವಂಚನೆಯ ಗಾತ್ರದಷ್ಟೇ ಗಂಭೀರವಾದ ಇನ್ನೊಂದು ಸಂಗತಿ ಇದರಲ್ಲಿದೆ. ಅಮೆರಿಕದ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್, ಅಂದರೆ ಎಸ್‌ಇಸಿಗೆ, 1992ರಿಂದಲೂ ಈತನ ವಿಷಯದಲ್ಲಿ ದೂರುಗಳು ಬರುತ್ತಲೇ ಇದ್ದವು. ಅದು ಹಲವು ಸಲ ಆತನ ಕಚೇರಿಗೆ ಹೋಯಿತು, ಕಾಗದ ಪತ್ರ ತರಿಸಿಕೊಂಡಿತು, ಪ್ರಮಾಣ ಮಾಡಿಸಿ ಹೇಳಿಕೆಯನ್ನೂ ಪಡೆಯಿತು. ಪ್ರತಿ ಸಲವೂ ಬರಿಗೈಯಲ್ಲಿ ಮರಳಿತು.

ಮೇಡಾಫ್ ಯಾರು? ಜನ ಆತನನ್ನು ಅಷ್ಟೊಂದು ನಂಬಿದ್ದೇಕೆ?

1938ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮೇಡಾಫ್ 1960ರಲ್ಲಿ ತನ್ನದೇ ಹೆಸರಿನ ಷೇರು ವ್ಯವಹಾರದ ಸಂಸ್ಥೆಯನ್ನು ತೆರೆದ. ಷೇರು ಕೊಳ್ಳುವವರಿಗೂ ಮಾರುವವರಿಗೂ ಸದಾ ಬೆಲೆ ಹೇಳಿ ವ್ಯಾಪಾರ ಕುದುರಿಸುವ ಈ ಸಂಸ್ಥೆ ಕಂಪ್ಯೂಟರ್ ಮೂಲಕ ವಹಿವಾಟು ನಡೆಸುವುದರಲ್ಲಿ ಮುಂಚೂಣಿಯಲ್ಲಿತ್ತು, ಮತ್ತು ಅದರ ಆ ಭಾಗ ನಿಜವಾದ ವ್ಯಾಪಾರವೇ ಆಗಿತ್ತು. ಆತ ನ್ಯಾಸ್‌ಡ್ಯಾಕ್ ಷೇರುಪೇಟೆಯ ಅಧ್ಯಕ್ಷನಾಗಿದ್ದ. ನಿಯಮ ರೂಪಿಸುವವರು ಸಲಹೆ ಕೇಳುತ್ತಿದ್ದವರಲ್ಲಿ ಆತನೂ ಒಬ್ಬ.

ಜನರನ್ನು ಸೆಳೆದ ಇನ್ನೊಂದು ಉಪಾಯವೆಂದರೆ, ಆತ ಯಾರನ್ನೂ ಕರೆದು ಹಣ ಕೇಳುತ್ತಿರಲಿಲ್ಲ. ಪರಿಚಯದವರ ಮೂಲಕ ಬಂದವರನ್ನೂ ಒಮ್ಮೊಮ್ಮೆ ನಿರಾಕರಿಸುತ್ತಿದ್ದುದರಿಂದ, ಆತನ ಬಳಿ ಖಾತೆ ಸಿಕ್ಕಿತೆಂದರೆ ಅದೃಷ್ಟವೇ ಒಲಿಯಿತೆಂದು ಜನ ಭಾವಿಸುತ್ತಿದ್ದರು. ನ್ಯೂಯಾರ್ಕ್ ಮತ್ತು ಫ್ಲಾರಿಡಾದ ಯಹೂದಿ ಸಮುದಾಯದೊಳಗೆ ಈ ನಂಬಿಕೆ ವಿಶೇಷವಾಗಿ ಬೇರೂರಿತ್ತು. ನಂಬಿದವರನ್ನು ದುರಾಸೆಯವರೆಂದು ಹೀಯಾಳಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಆತ ತೋರಿಸುತ್ತಿದ್ದ ಲಾಭ ವರ್ಷಕ್ಕೆ ಶೇ. 10ರಿಂದ 12ರ ಆಸುಪಾಸಿನದು. ಬಹುತೇಕರಿಗೆ ಅದು ಎಚ್ಚರಿಕೆಯ, ಮಿತವಾದ ಹೂಡಿಕೆಯಂತೆಯೇ ಕಂಡಿತ್ತು.

ಪಾಂಜಿ ಯೋಜನೆ ಎಂದರೇನು? ಇದು ಅದಕ್ಕಿಂತ ಹೇಗೆ ಭಿನ್ನ?

ಹೊಸದಾಗಿ ಹಣ ಕಟ್ಟಿದವರ ದುಡ್ಡನ್ನೇ ಹಳಬರಿಗೆ ಲಾಭವೆಂದು ಹಂಚುವ ಮೋಸವೇ ಪಾಂಜಿ ಯೋಜನೆ. 1920ರಲ್ಲಿ ಬಾಸ್ಟನ್ ನಗರದ ಚಾರ್ಲ್ಸ್ ಪಾಂಜಿ 45 ದಿನಗಳಲ್ಲಿ ಶೇ. 50ರಷ್ಟು ಲಾಭದ ಆಸೆ ತೋರಿಸಿ ಜನರನ್ನು ಮುಳುಗಿಸಿದ್ದರಿಂದ ಈ ಹೆಸರು ಬಂತು. ಇಂಥ ಯೋಜನೆಗಳು ಸಾಮಾನ್ಯವಾಗಿ ತಿಂಗಳುಗಳಲ್ಲಿ ಅಥವಾ ಕೆಲವೇ ವರ್ಷಗಳಲ್ಲಿ ಕುಸಿಯುತ್ತವೆ, ಏಕೆಂದರೆ ಹೇಳಿದ ಲಾಭ ಹೆಚ್ಚಾದಷ್ಟೂ ಹೊಸ ಹಣದ ಹಸಿವೂ ಹೆಚ್ಚುತ್ತದೆ. ಮೇಡಾಫ್ ಮಿತವಾದ ಲಾಭ ತೋರಿಸಿದ್ದರಿಂದಲೂ, ಬಹುಪಾಲು ಗ್ರಾಹಕರು ಆ ಲಾಭವನ್ನು ತೆಗೆಯದೆ ಅಲ್ಲಿಯೇ ಬಿಟ್ಟಿದ್ದರಿಂದಲೂ ಆತನ ಮೋಸ ದೀರ್ಘಕಾಲ ಬಾಳಿತು. 1990ರ ದಶಕದ ಆರಂಭದಲ್ಲಿ ಇದು ಶುರುವಾಯಿತೆಂದು ಆತ ನ್ಯಾಯಾಲಯದಲ್ಲಿ ಹೇಳಿಕೊಂಡರೂ, ಅದಕ್ಕೂ ಬಹಳ ಮೊದಲೇ ಸುಳ್ಳು ವಹಿವಾಟುಗಳನ್ನು ಬರೆಯಲಾಗುತ್ತಿತ್ತೆಂದು ಆತನ ನೌಕರರ ವಿಚಾರಣೆಯಲ್ಲಿ ಸಾಕ್ಷ್ಯ ದೊರೆಯಿತು.

ಆತ ಹೇಳಿಕೊಳ್ಳುತ್ತಿದ್ದ ಹೂಡಿಕೆ ತಂತ್ರ ಯಾವುದು? ಅದು ಸಾಧ್ಯವಿತ್ತೇ?

ಅಮೆರಿಕದ ಅತಿ ದೊಡ್ಡ ಕಂಪನಿಗಳ ಎಸ್ ಅಂಡ್ ಪಿ 100 ಸೂಚ್ಯಂಕದಲ್ಲಿರುವ ಷೇರುಗಳ ಒಂದು ಗುಚ್ಛವನ್ನು ಕೊಳ್ಳುವುದು, ಬೆಲೆ ಬಿದ್ದರೆ ರಕ್ಷಣೆಗೆಂದು ಅದೇ ಸೂಚ್ಯಂಕವನ್ನು ಮೊದಲೇ ನಿಗದಿಯಾದ ಬೆಲೆಗೆ ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್‌ಗಳನ್ನು ಕೊಳ್ಳುವುದು, ಆ ಖರ್ಚನ್ನು ತುಂಬಿಕೊಳ್ಳಲು, ನಿಗದಿಯಾದ ಬೆಲೆಗೆ ಕೊಳ್ಳುವ ಹಕ್ಕು ಕೊಡುವ ಕಾಲ್ ಆಪ್ಷನ್‌ಗಳನ್ನು ಮಾರುವುದು. ಸ್ಪ್ಲಿಟ್ ಸ್ಟ್ರೈಕ್ ಕನ್ವರ್ಷನ್ ಎಂದು ಕರೆಯುವ ಈ ತಂತ್ರ ಕಾಲ್ಪನಿಕವಲ್ಲ, ಬೇರೆಯವರೂ ಬಳಸುತ್ತಾರೆ. ಆದರೆ ಇದರಲ್ಲಿ ನಷ್ಟಕ್ಕೂ ಲಾಭಕ್ಕೂ ಎರಡಕ್ಕೂ ಮಿತಿ ಬೀಳುತ್ತದೆ, ಮತ್ತು ಪೇಟೆ ಏರಿಳಿದಂತೆ ಫಲವೂ ಏರಿಳಿಯಲೇಬೇಕು. ಮೇಡಾಫನ ಲೆಕ್ಕದಲ್ಲಿ ಮಾತ್ರ ಪೇಟೆ ಬಿದ್ದ ವರ್ಷಗಳಲ್ಲೂ ಲಾಭದ ಗೆರೆ ಒಂದೇ ಸಮನೆ ಮೇಲೇರುತ್ತಿತ್ತು, ನಷ್ಟದ ತಿಂಗಳುಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಪುರಾವೆ ಯಾರ ಕಣ್ಣಿಗಾದರೂ ಬೀಳುವಂತೆ ಇತ್ತು. ಆತ ನಿರ್ವಹಿಸುತ್ತಿದ್ದೇನೆಂದು ಹೇಳಿದಷ್ಟು ಹಣಕ್ಕೆ ರಕ್ಷಣೆ ಒದಗಿಸಲು ಬೇಕಾದಷ್ಟು ಸೂಚ್ಯಂಕದ ಆಪ್ಷನ್‌ಗಳು ಷಿಕಾಗೋ ಆಪ್ಷನ್ ಪೇಟೆಯಲ್ಲಿ ಇರಲೇ ಇಲ್ಲ. ಇದನ್ನು ಕೇಳಿದಾಗ, ತಾನು ಪೇಟೆಯ ಹೊರಗೆ ಯುರೋಪಿನ ಸಂಸ್ಥೆಗಳೊಂದಿಗೆ ನೇರವಾಗಿ ವ್ಯವಹರಿಸುತ್ತೇನೆಂದು ಆತ ಉತ್ತರಿಸುತ್ತಿದ್ದ. ಆ ಸಂಸ್ಥೆಗಳನ್ನು ಕೇಳಿ ನೋಡುವುದು ಮುಂದಿನ ಹೆಜ್ಜೆಯಾಗಬೇಕಿತ್ತು.

ಮೇಡಾಫನ ಕಚೇರಿಯೊಳಗೆ ನಿಜವಾಗಿ ಏನು ನಡೆಯುತ್ತಿತ್ತು?

ಮ್ಯಾನ್‌ಹಟನ್‌ನ ಥರ್ಡ್ ಅವೆನ್ಯೂದಲ್ಲಿ, ಆಕಾರದಿಂದಾಗಿ ಲಿಪ್‌ಸ್ಟಿಕ್ ಕಟ್ಟಡವೆಂದೇ ಹೆಸರಾದ ಗೋಪುರದಲ್ಲಿ, ಮೇಲಿನ ಮಹಡಿಗಳಲ್ಲಿ ನಿಜವಾದ ಷೇರು ವ್ಯಾಪಾರ ನಡೆಯುತ್ತಿತ್ತು. ಹೂಡಿಕೆ ನಿರ್ವಹಣೆಯ ವಿಭಾಗ 17ನೇ ಮಹಡಿಯಲ್ಲಿತ್ತು. ಅಲ್ಲಿ ಫ್ರ್ಯಾಂಕ್ ಡಿಪಾಸ್ಕಲಿಯ ಮೇಲ್ವಿಚಾರಣೆಯಲ್ಲಿ ಕೆಲವು ನೌಕರರು ಹಳೆಯ ದಿನಪತ್ರಿಕೆಗಳ ಮತ್ತು ದತ್ತಾಂಶಗಳ ಬೆಲೆಗಳನ್ನು ನೋಡಿಕೊಂಡು, ಬೇಕಾದ ಲಾಭ ಬರುವಂತೆ ಹಿಂದಿನ ದಿನಾಂಕ ಹಾಕಿ ಕೊಂಡದ್ದನ್ನೂ ಮಾರಿದ್ದನ್ನೂ ಬರೆಯುತ್ತಿದ್ದರು. ಹಳೆಯ ಐಬಿಎಂ ಎಎಸ್/400 ಕಂಪ್ಯೂಟರ್ ಆ ಸುಳ್ಳುಗಳನ್ನು ಗ್ರಾಹಕರ ವಿವರಪಟ್ಟಿಗಳಾಗಿ ಮುದ್ರಿಸುತ್ತಿತ್ತು. ನಾಳೆಯ ಬೆಲೆ ಗೊತ್ತಿಲ್ಲದ ಯಾವ ಹೂಡಿಕೆದಾರನೂ ಸಾಧಿಸಲಾಗದ ಫಲವನ್ನು, ನಿನ್ನೆಯ ಬೆಲೆ ಗೊತ್ತಿದ್ದವರು ಸಲೀಸಾಗಿ ಬರೆದರು.

ಡಿಪಾಸ್ಕಲಿ ಮುಂದೆ ನ್ಯಾಯಾಲಯದಲ್ಲಿ ಹೇಳಿದ ಒಂದು ಘಟನೆ ಈ ಕೆಲಸದ ಪರಿಯನ್ನು ತೋರಿಸುತ್ತದೆ. ಲೆಕ್ಕ ನೋಡಲು ಬಂದವರು ಹಳೆಯ ದಾಖಲೆ ಕೇಳಿದಾಗ ಅದನ್ನು ಆಗಲೇ ತಯಾರಿಸಿ ಮುದ್ರಿಸಬೇಕಾಯಿತು. ಯಂತ್ರದಿಂದ ಬಂದ ಕಾಗದ ಇನ್ನೂ ಬಿಸಿಯಾಗಿದ್ದುದರಿಂದ ಅದನ್ನು ಫ್ರಿಜ್ಜಿನಲ್ಲಿಟ್ಟು ತಣಿಸಿ, ಬಳಸಿ ಹಳೆಯದಾದಂತೆ ಕಾಣಲೆಂದು ಆ ಕಟ್ಟನ್ನು ಒಬ್ಬರಿಂದೊಬ್ಬರಿಗೆ ಎಸೆದಾಡಿ, ಬಳಿಕ ತಂದು ಮುಂದಿಟ್ಟರು.

ಗ್ರಾಹಕರ ಹಣವೆಲ್ಲ ಹೋಗುತ್ತಿದ್ದುದು ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಒಂದು ಖಾತೆಗೆ. ಬರುವುದು ಅಲ್ಲಿಗೇ, ಹೋಗುವುದು ಅಲ್ಲಿಂದಲೇ. ನಡುವೆ ಷೇರುಪೇಟೆಯ ಸುಳಿವೇ ಇರಲಿಲ್ಲ.

ಹಾಗಾದರೆ ನಿಜವಾಗಿ ಹೋದ ಹಣ ಎಷ್ಟು? 5,000 ಕೋಟಿಯೇ, 6,480 ಕೋಟಿಯೇ, 1,750 ಕೋಟಿಯೇ?

ಮೂರು ಅಂಕಿಗಳೂ ಸುದ್ದಿಯಲ್ಲಿ ಬರುತ್ತವೆ, ಮೂರರ ಅರ್ಥವೂ ಬೇರೆ. 5,000 ಕೋಟಿ ಡಾಲರ್ ಎಂಬುದು ಬಂಧನದ ಹೊತ್ತಿಗೆ ಮೇಡಾಫ್ ಬಾಯಲ್ಲಿ ಹೇಳಿದ ಅಂದಾಜು. ಸುಮಾರು 6,480 ಕೋಟಿ ಎಂಬುದು 2008ರ ನವೆಂಬರ್ ಕೊನೆಯ ವಿವರಪಟ್ಟಿಗಳಲ್ಲಿ ಸುಮಾರು 4,800 ಗ್ರಾಹಕ ಖಾತೆಗಳಲ್ಲಿ ಇದೆಯೆಂದು ಬರೆದಿದ್ದ ಮೊತ್ತ, ಅಂದರೆ ಎಂದೂ ಹುಟ್ಟದ ಲಾಭವೂ ಅದರಲ್ಲಿ ಸೇರಿದೆ. ಕಟ್ಟಿದ ಅಸಲಿನಲ್ಲಿ ವಾಪಸ್ ಪಡೆದದ್ದನ್ನು ಕಳೆದು ಉಳಿದ ನಿಜವಾದ ನಷ್ಟವನ್ನು ಆರಂಭದಲ್ಲಿ ಸುಮಾರು 1,750 ಕೋಟಿ ಡಾಲರ್ ಎಂದು ಲೆಕ್ಕಹಾಕಲಾಯಿತು. ಆದರೂ ಕಾಗದದ ಮೇಲಿನ ಮೊತ್ತವನ್ನು ಬರೀ ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ. ಇಪ್ಪತ್ತು ವರ್ಷ ಆ ಅಂಕಿಯನ್ನೇ ನಂಬಿ ನಿವೃತ್ತಿಯನ್ನೂ ಮನೆಯನ್ನೂ ಯೋಜಿಸಿದವರಿಗೆ ನಷ್ಟವಾದದ್ದು ಅಸಲು ಮಾತ್ರವಲ್ಲ.

ಮಧ್ಯವರ್ತಿ ನಿಧಿಗಳ ಪಾತ್ರವೇನು?

ಬಹಳಷ್ಟು ಜನರಿಗೆ ತಮ್ಮ ಹಣ ಮೇಡಾಫನ ಕೈಯಲ್ಲಿದೆಯೆಂಬುದೇ ತಿಳಿದಿರಲಿಲ್ಲ. ಫೀಡರ್ ಫಂಡ್ ಎನ್ನುವ ನಿಧಿಗಳು ಊರೂರಿನ ಹೂಡಿಕೆದಾರರಿಂದ ಹಣ ಸಂಗ್ರಹಿಸಿ ಆತನಿಗೆ ಒಪ್ಪಿಸಿ, ಆ ಸೇವೆಗೆ ದೊಡ್ಡ ಶುಲ್ಕ ಪಡೆಯುತ್ತಿದ್ದವು. ಇವುಗಳಲ್ಲಿ ದೊಡ್ಡದಾದ ಫೇರ್‌ಫೀಲ್ಡ್ ಗ್ರೀನಿಚ್ ಗ್ರೂಪ್ ಸುಮಾರು 700 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಆತನಲ್ಲಿ ಇರಿಸಿತ್ತು. ತಾವು ಮೇಡಾಫನನ್ನು ಆಳವಾಗಿ ಪರಿಶೀಲಿಸಿದ್ದೇವೆಂಬುದೇ ಈ ಸಂಸ್ಥೆಗಳು ಗ್ರಾಹಕರಿಗೆ ಮಾರುತ್ತಿದ್ದ ಸರಕು. ಶುಲ್ಕ ತೆಗೆದುಕೊಂಡದ್ದು ಆ ಪರಿಶೀಲನೆಗಾಗಿ. ನಡೆಯದೇ ಹೋದದ್ದೂ ಅದೇ.

ಮೇಡಾಫ್ ಈ ನಿಧಿಗಳಿಂದ ನಿರ್ವಹಣಾ ಶುಲ್ಕವನ್ನೇ ಕೇಳದೆ, ವಹಿವಾಟಿನ ಮೇಲಿನ ಸಣ್ಣ ಕಮಿಷನ್ ಸಾಕೆನ್ನುತ್ತಿದ್ದ. ವರ್ಷಕ್ಕೆ ಕೋಟ್ಯಂತರ ಡಾಲರ್ ಬಿಟ್ಟುಕೊಡುವ ಹೂಡಿಕೆ ನಿರ್ವಾಹಕ ಎಲ್ಲಿಯಾದರೂ ಉಂಟೇ ಎಂದು ಕೇಳಿಕೊಳ್ಳಬೇಕಿತ್ತು.

ಲೆಕ್ಕಪರಿಶೋಧಕರು ಇರಲಿಲ್ಲವೇ?

ಇದ್ದರು. ನ್ಯೂಯಾರ್ಕ್ ನಗರದ ಹೊರವಲಯದ ನ್ಯೂ ಸಿಟಿ ಎಂಬ ಊರಿನಲ್ಲಿದ್ದ ಫ್ರೀಲಿಂಗ್ ಅಂಡ್ ಹೊರೊವಿಟ್ಜ್ ಎಂಬ ಸಣ್ಣ ಸಂಸ್ಥೆ ಈ ಬೃಹತ್ ವ್ಯವಹಾರದ ಲೆಕ್ಕ ಸರಿಯಾಗಿದೆಯೆಂದು ಸಹಿ ಹಾಕುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಲೆಕ್ಕಪರಿಶೋಧಕ ಒಬ್ಬನೇ. ಆತ 2009ರಲ್ಲಿ ತಪ್ಪೊಪ್ಪಿಕೊಂಡ. ಸಂಸ್ಥೆಯ ವಿಳಾಸಕ್ಕೆ ಒಮ್ಮೆ ಹೋಗಿ ನೋಡಿದ್ದರೂ ಅನುಮಾನ ಹುಟ್ಟಬೇಕಾದ ಸಂಗತಿಯಿದು.

ಎಸ್‌ಇಸಿಗೆ ಮೊದಲ ಸುಳಿವು ಸಿಕ್ಕಿದ್ದು ಯಾವಾಗ?

1992ರಲ್ಲಿ. ಅವೆಲಿನೊ ಅಂಡ್ ಬಿಯೆನೆಸ್ ಎಂಬ ಲೆಕ್ಕಪರಿಶೋಧಕರ ಜೋಡಿ ಸುಮಾರು 3,200 ಜನರಿಂದ 44.1 ಕೋಟಿ ಡಾಲರ್ ಸಂಗ್ರಹಿಸಿ, ಶೇ. 13.5ರಿಂದ 20ರವರೆಗೆ ಲಾಭದ ಭರವಸೆ ಕೊಟ್ಟಿತ್ತು. ಆ ಹಣವೆಲ್ಲ ಮೇಡಾಫನ ಬಳಿ ಇತ್ತು. ನೋಂದಣಿಯಿಲ್ಲದೆ ಹಣ ಎತ್ತಿದ್ದಕ್ಕಾಗಿ ಎಸ್‌ಇಸಿ ಆ ವ್ಯವಹಾರವನ್ನು ಮುಚ್ಚಿಸಿ, ಹಣವನ್ನು ಹೂಡಿಕೆದಾರರಿಗೆ ಹಿಂದಿರುಗಿಸುವಂತೆ ಮಾಡಿತು. ಮೇಡಾಫ್ ಕೂಡಲೇ ಹಣ ಕೊಟ್ಟ. ಎಲ್ಲಿಂದ ಕೊಟ್ಟ ಎಂದು ಯಾರೂ ವಿಚಾರಿಸಲಿಲ್ಲ. ಹೀಗೆ ಹಿಂದಿರುಗಿದ ಹಣದ ಬಹುಭಾಗ ಆ ಹೂಡಿಕೆದಾರರದೇ ನೇರ ಖಾತೆಗಳ ರೂಪದಲ್ಲಿ ಮತ್ತೆ ಆತನ ಬಳಿಗೇ ಹೋಯಿತು.

ಹ್ಯಾರಿ ಮಾರ್ಕೊಪೊಲಸ್ ಯಾರು? ಅವರು ಏನನ್ನು ಕಂಡುಹಿಡಿದರು?

ಬಾಸ್ಟನ್‌ನ ಹೂಡಿಕೆ ಸಂಸ್ಥೆಯೊಂದರಲ್ಲಿ ಆಪ್ಷನ್‌ಗಳ ಪರಿಣತರಾಗಿದ್ದ ಮಾರ್ಕೊಪೊಲಸ್ ಅವರಿಗೆ, ಮೇಡಾಫ್ ಮಾಡುತ್ತಿರುವುದನ್ನೇ ನೀವೂ ಮಾಡಿಕೊಡಿ ಎಂದು ಮೇಲಧಿಕಾರಿಗಳು ಹೇಳಿದಾಗ ಅವರು ಲೆಕ್ಕ ಹಾಕಿ ನೋಡಿದರು. ಆ ತಂತ್ರದಿಂದ ಆ ಲಾಭ ಬರುವುದಿಲ್ಲವೆಂಬುದು ಅವರಿಗೆ ಬಹಳ ಬೇಗ ಖಚಿತವಾಯಿತು. 2000ದಲ್ಲಿ ಎಸ್‌ಇಸಿಯ ಬಾಸ್ಟನ್ ಕಚೇರಿಗೆ ಮೊದಲ ದೂರು ಕೊಟ್ಟರು. 2001ರಲ್ಲಿ ಮತ್ತೆ ಕೊಟ್ಟರು. 2005ರ ನವೆಂಬರಿನಲ್ಲಿ, ಜಗತ್ತಿನ ಅತಿ ದೊಡ್ಡ ಹೆಡ್ಜ್ ಫಂಡ್ ಒಂದು ವಂಚನೆ ಎಂಬ ತಲೆಬರಹದಡಿ (ಹೆಡ್ಜ್ ಫಂಡ್ ಎಂದರೆ ಸಿರಿವಂತರ ಮತ್ತು ಸಂಸ್ಥೆಗಳ ಹಣ ತೊಡಗಿಸುವ ಖಾಸಗಿ ಹೂಡಿಕೆ ನಿಧಿ) ಸುಮಾರು ಮೂವತ್ತು ಅಪಾಯದ ಲಕ್ಷಣಗಳನ್ನು ಒಂದೊಂದಾಗಿ ವಿವರಿಸಿದ ದೀರ್ಘ ಟಿಪ್ಪಣಿಯನ್ನು ನ್ಯೂಯಾರ್ಕ್ ಕಚೇರಿಗೆ ಮುಟ್ಟಿಸಿದರು. ಇದು ಪಾಂಜಿ ಯೋಜನೆಯಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು.

ಅವರೊಬ್ಬರೇ ಅಲ್ಲ. 2001ರ ಮೇ ತಿಂಗಳಲ್ಲಿ ಹೆಡ್ಜ್ ಫಂಡ್ ಉದ್ಯಮದ ಒಂದು ಪತ್ರಿಕೆಯೂ ಬ್ಯಾರನ್ಸ್ ವಾರಪತ್ರಿಕೆಯೂ ಮೇಡಾಫನ ನಂಬಲಾಗದ ಫಲಿತಾಂಶಗಳ ಬಗ್ಗೆ ಪ್ರಶ್ನೆ ಎತ್ತಿ ಲೇಖನ ಪ್ರಕಟಿಸಿದ್ದವು. ಪತ್ರಿಕೆ ಓದುವ ಯಾರಿಗಾದರೂ ಲಭ್ಯವಿದ್ದ ಮಾಹಿತಿಯಿದು.

2004 ಮತ್ತು 2005ರ ತಪಾಸಣೆಗಳಲ್ಲಿ ಏನಾಯಿತು?

ಇಲ್ಲಿ ನಡೆದದ್ದನ್ನು ಓದುವಾಗ ಸಂಕಟವಾಗುತ್ತದೆ. ಒಬ್ಬ ಹೆಡ್ಜ್ ಫಂಡ್ ವ್ಯವಸ್ಥಾಪಕರು 2003ರಲ್ಲಿ ಕೊಟ್ಟ ವಿವರವಾದ ದೂರಿನ ಆಧಾರದ ಮೇಲೆ ಎಸ್‌ಇಸಿಯ ವಾಷಿಂಗ್ಟನ್ ಕಚೇರಿ ತಪಾಸಣೆ ಆರಂಭಿಸಿತು. ಇತ್ತ ರೆನೇಸಾನ್ಸ್ ಎಂಬ ಬೇರೊಂದು ದೊಡ್ಡ ಸಂಸ್ಥೆಯ ಮಾಮೂಲಿ ತಪಾಸಣೆಯಲ್ಲಿ, ಅದರ ಅಧಿಕಾರಿಗಳು ತಮ್ಮತಮ್ಮಲ್ಲೇ ಮೇಡಾಫನ ಬಗ್ಗೆ ಅನುಮಾನಿಸಿ ಬರೆದುಕೊಂಡ ಇಮೇಲ್‌ಗಳು ಸಿಕ್ಕಿ, ನ್ಯೂಯಾರ್ಕ್ ಕಚೇರಿಯೂ ತಪಾಸಣೆ ಶುರುಮಾಡಿತು. ಒಂದೇ ಸಂಸ್ಥೆಯ ಎರಡು ಕಚೇರಿಗಳು ಒಬ್ಬನನ್ನೇ ತಪಾಸಿಸುತ್ತಿದ್ದರೂ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಈ ಮಾಹಿತಿಯನ್ನು ನಿಮ್ಮವರಿಗೆ ಆಗಲೇ ಕೊಟ್ಟಿದ್ದೇನಲ್ಲ ಎಂದು ಮೇಡಾಫನೇ ಹೇಳಿದಾಗ ಅವರಿಗೆ ಗೊತ್ತಾಯಿತು.

ಎರಡೂ ತಂಡಗಳು ಹುಡುಕಿದ್ದು ಫ್ರಂಟ್ ರನ್ನಿಂಗ್ ಎಂಬ ತಪ್ಪನ್ನು, ಅಂದರೆ ಗ್ರಾಹಕರ ಆರ್ಡರ್‌ಗಿಂತ ಮುಂಚೆ ತನಗಾಗಿ ಕೊಂಡು ಲಾಭ ಮಾಡುವುದನ್ನು. ಅದೇ ಅವರಿಗೆ ಗೊತ್ತಿದ್ದ ವಿಷಯವಾಗಿತ್ತು. ವಹಿವಾಟೇ ನಡೆಯುತ್ತಿದೆಯೋ ಇಲ್ಲವೋ ಎಂಬ ಮೂಲಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ವಹಿವಾಟಿನ ದಾಖಲೆಗಳನ್ನು ಕೇಳಿ ಬ್ರೋಕರ್‌ಗಳ ಸ್ವಯಂನಿಯಂತ್ರಣ ಸಂಸ್ಥೆಯಾದ ಎನ್‌ಎಎಸ್‌ಡಿಗೆ ಬರೆಯಲು ಪತ್ರವೊಂದನ್ನು ಸಿದ್ಧಪಡಿಸಿದರು, ಆದರೆ ಬರುವ ಮಾಹಿತಿಯನ್ನು ಪರಿಶೀಲಿಸಲು ಬಹಳ ಸಮಯ ಹಿಡಿಯುತ್ತದೆಂದು ಅದನ್ನು ಕಳಿಸಲಿಲ್ಲ. ಮೇಡಾಫ್ ತನ್ನ ವಹಿವಾಟಿಗೆ ಬಳಸುತ್ತೇನೆಂದಿದ್ದ ಇನ್ನೊಂದು ಹಣಕಾಸು ಸಂಸ್ಥೆಗೆ ಬರೆದಾಗ, ಆ ಅವಧಿಯಲ್ಲಿ ಆತನ ಖಾತೆಯಲ್ಲಿ ವಹಿವಾಟೇ ಇಲ್ಲವೆಂಬ ಉತ್ತರ ಬಂತು. ಇದರ ಅರ್ಥವೇನೆಂದು ಮುಂದಕ್ಕೆ ಕೇಳದೆ ಕಡತವನ್ನು ಬದಿಗಿಟ್ಟರು. ವಾಷಿಂಗ್ಟನ್ ತಂಡದವರನ್ನು ನಡುವೆ ಬೇರೆ ಕೆಲಸಕ್ಕೆ ಹಾಕಿದ್ದರಿಂದ ಅವರ ತಪಾಸಣೆ ವರದಿಯಿಲ್ಲದೆಯೇ ನಿಂತುಹೋಯಿತು.

2006ರ ತನಿಖೆಯಲ್ಲಾದರೂ ಸಿಕ್ಕಿಬೀಳಬಹುದಿತ್ತಲ್ಲವೇ?

ಸಿಕ್ಕಿಬೀಳಲೇಬೇಕಿತ್ತು. ಮಾರ್ಕೊಪೊಲಸ್ ಅವರ 2005ರ ಟಿಪ್ಪಣಿಯಿಂದಾಗಿ 2006ರ ಜನವರಿಯಲ್ಲಿ ಎಸ್‌ಇಸಿಯ ಜಾರಿ ವಿಭಾಗ ತನಿಖೆ ತೆರೆಯಿತು. ಮೇ 19ರಂದು ಮೇಡಾಫ್ ವಕೀಲನಿಲ್ಲದೆ ಒಬ್ಬನೇ ಬಂದು, ಪ್ರಮಾಣ ಮಾಡಿ ಹೇಳಿಕೆ ಕೊಟ್ಟ. ಗ್ರಾಹಕರ ಷೇರುಗಳು ಎಲ್ಲಿವೆ ಎಂದಾಗ ಡಿಪಾಸಿಟರಿ ಟ್ರಸ್ಟ್ ಕಂಪನಿಯಲ್ಲಿವೆ ಎಂದು ಹೇಳಿ ತನ್ನ ಖಾತೆ ಸಂಖ್ಯೆಯನ್ನೂ ಕೊಟ್ಟ. ಅಮೆರಿಕದ ಷೇರುಗಳ ಒಡೆತನದ ದಾಖಲೆಯೆಲ್ಲ ಒಂದೆಡೆ ಇರುವ ಡಿಪಾಸಿಟರಿ ಅದು. ಅಲ್ಲಿಗೆ ಒಂದು ದೂರವಾಣಿ ಕರೆ ಮಾಡಿದ್ದರೆ, ಒಂದು ಪತ್ರ ಬರೆದಿದ್ದರೆ ಸಾಕಿತ್ತು.

ವಂಚನೆ ಬಯಲಾದ ಮೇಲೆ ಪರಿಶೀಲಿಸಿದಾಗ ಸಿಕ್ಕ ಉತ್ತರವನ್ನು ಗಮನಿಸಬೇಕು. 2005ರ ಜನವರಿ 31ರಂದು ಗ್ರಾಹಕರ ಹೆಸರಿನಲ್ಲಿ ಸುಮಾರು 250 ಕೋಟಿ ಡಾಲರ್ ಬೆಲೆಯ ಎಸ್ ಅಂಡ್ ಪಿ 100 ಷೇರುಗಳಿವೆಯೆಂದು ಮೇಡಾಫ್ ದಾಖಲೆ ಒಪ್ಪಿಸಿದ್ದ. ಅದೇ ದಿನ ಡಿಪಾಸಿಟರಿಯಲ್ಲಿ ಆತನ ಖಾತೆಯಲ್ಲಿದ್ದ ಅಂಥ ಷೇರುಗಳ ಬೆಲೆ 1.8 ಕೋಟಿ ಡಾಲರನ್ನೂ ಮುಟ್ಟುತ್ತಿರಲಿಲ್ಲ.

ಜೈಲಿನಲ್ಲಿ ತನ್ನನ್ನು ಭೇಟಿಯಾದ, ಸಂಸ್ಥೆಯೊಳಗಿನ ಲೋಪಗಳನ್ನೇ ತನಿಖೆ ಮಾಡುವ ಅಧಿಕಾರಿಯಾದ ಎಸ್‌ಇಸಿಯ ಇನ್‌ಸ್ಪೆಕ್ಟರ್ ಜನರಲ್‌ಗೆ ಮೇಡಾಫ್ ಹೇಳಿದ ಪ್ರಕಾರ, ಅಂದು ಖಾತೆ ಸಂಖ್ಯೆ ಕೊಟ್ಟಾಗಲೇ ಎಲ್ಲ ಮುಗಿಯಿತೆಂದು ಆತ ಭಾವಿಸಿದ್ದ. ಸೋಮವಾರ ಬೆಳಿಗ್ಗೆ ಅವರು ಡಿಪಾಸಿಟರಿಗೆ ಕರೆ ಮಾಡುತ್ತಾರೆಂದು ಕಾದಿದ್ದ. ಕರೆ ಹೋಗಲಿಲ್ಲ. ಅಪರಾಧಿಯೇ ನಿರೀಕ್ಷಿಸಿದ್ದ ಸರಳ ಹೆಜ್ಜೆಯನ್ನು ತನಿಖಾಧಿಕಾರಿಗಳು ಇಡಲಿಲ್ಲ. ಈ ತನಿಖೆಯಲ್ಲಿ ಮೇಡಾಫ್ ಸುಳ್ಳು ಹೇಳಿದ್ದು, ಒಂದು ಉತ್ತರಕ್ಕೂ ಇನ್ನೊಂದಕ್ಕೂ ತಾಳೆಯಾಗದಿದ್ದುದು ಅಧಿಕಾರಿಗಳ ಗಮನಕ್ಕೆ ಬಂದಿತ್ತು. ಕೊನೆಗೆ ಹೂಡಿಕೆ ಸಲಹೆಗಾರನಾಗಿ ನೋಂದಾಯಿಸಿಕೊಳ್ಳುವಂತೆ ಆತನಿಗೆ ಹೇಳಿ, 2008ರ ಜನವರಿಯಲ್ಲಿ ಕಡತ ಮುಚ್ಚಿದರು. ನೋಂದಣಿ ಆತನಿಗೆ ಇನ್ನೊಂದು ಗೌರವದ ಮುದ್ರೆಯಾಯಿತು. ಎಸ್‌ಇಸಿ ನೋಡಿ ಹೋಗಿದೆ ಎಂಬ ಮಾತು ಹೊಸ ಹೂಡಿಕೆದಾರರ ಅನುಮಾನ ಕಳೆಯಲು ಬಳಕೆಯಾಯಿತು. ಈ ಕಾರಣಕ್ಕೆ, ಅರೆಬರೆ ತಪಾಸಣೆ ತಪಾಸಣೆಯೇ ನಡೆಯದಿರುವುದಕ್ಕಿಂತ ಹೆಚ್ಚು ಹಾನಿ ಮಾಡಿತೆಂದು ನನ್ನ ಅಭಿಪ್ರಾಯ.

ಲಂಚವೋ ಪ್ರಭಾವವೋ ಕೆಲಸ ಮಾಡಿರಬಹುದೇ?

ಇನ್‌ಸ್ಪೆಕ್ಟರ್ ಜನರಲ್ ಡೇವಿಡ್ ಕೋಟ್ಜ್ ಅವರು 2009ರ ಆಗಸ್ಟ್ 31ರಂದು ಸಲ್ಲಿಸಿದ ವರದಿ ಈ ಪ್ರಶ್ನೆಯನ್ನು ವಿಶೇಷವಾಗಿ ಪರಿಶೀಲಿಸಿ, ಅಧಿಕಾರಿಗಳು ಮೇಡಾಫನೊಂದಿಗೆ ಶಾಮೀಲಾಗಿದ್ದರೆಂಬುದಕ್ಕಾಗಲಿ, ವೈಯಕ್ತಿಕ ಸಂಬಂಧಗಳಿಂದ ತಪಾಸಣೆಗೆ ಅಡ್ಡಿಯಾಯಿತೆಂಬುದಕ್ಕಾಗಲಿ ಪುರಾವೆಯಿಲ್ಲವೆಂದಿತು. 1992ರಿಂದ 2008ರವರೆಗೆ ಗಂಭೀರವಾದ ಆರು ದೂರುಗಳು ಬಂದಿದ್ದವು, ಮೂರು ತಪಾಸಣೆ ಮತ್ತು ಎರಡು ತನಿಖೆ ನಡೆದಿದ್ದವು, ಆದರೂ ಸಮರ್ಥವಾದ ಒಂದೇ ಒಂದು ಪರಿಶೀಲನೆ ನಡೆಯಲಿಲ್ಲವೆಂಬುದು ವರದಿಯ ಸಾರ.

ಕಾರಣಗಳು ಹಲವು. ತಪಾಸಣೆಗೆ ಹೋದವರಲ್ಲಿ ಅನೇಕರು ಅನುಭವ ಕಡಿಮೆಯಿದ್ದ ಕಿರಿಯರು. ಕಾನೂನು ಓದಿದವರಿಗೆ ಆಪ್ಷನ್ ವ್ಯಾಪಾರದ ಒಳಗುಟ್ಟು ತಿಳಿದಿರಲಿಲ್ಲ. ಎದುರಿಗಿದ್ದವನು ಷೇರುಪೇಟೆಯ ಹಿರಿಯ, ತಾನು ಎಸ್‌ಇಸಿ ಅಧ್ಯಕ್ಷ ಸ್ಥಾನಕ್ಕೆ ಪರಿಗಣಿತನಾದವರ ಪಟ್ಟಿಯಲ್ಲಿದ್ದೇನೆಂದು ಸೂಚಿಸುತ್ತಿದ್ದವನು. ದಾಖಲೆ ಕೇಳಿದರೆ ಸಿಟ್ಟಾಗುತ್ತಿದ್ದ. ದೂರು ಕೊಟ್ಟವರ ಮಾತಿಗಿಂತ ಆತನ ಮಾತಿಗೆ ಹೆಚ್ಚು ಬೆಲೆ ಸಿಕ್ಕಿತು. ಇವೆಲ್ಲದರ ಹಿಂದೆ ಇದ್ದ ಮುಖ್ಯ ದೋಷ ಒಂದೇ: ಆರೋಪಿ ಕೊಟ್ಟ ಕಾಗದವನ್ನು ಆರೋಪಿಯ ಕೈಗೆ ಎಟುಕದ ಮೂರನೆಯವರ ದಾಖಲೆಯೊಂದಿಗೆ ಯಾರೂ ತಾಳೆ ನೋಡಲಿಲ್ಲ. ಇದಕ್ಕೆ ಆಪ್ಷನ್ ಗಣಿತ ಬೇಕಿರಲಿಲ್ಲ, ಹೆಚ್ಚಿನ ಬಜೆಟ್ಟೂ ಬೇಕಿರಲಿಲ್ಲ.

ಬ್ಯಾಂಕಿಗೆ ಏನೂ ತಿಳಿಯಲಿಲ್ಲವೇ?

ಜೆಪಿ ಮಾರ್ಗನ್ ಚೇಸ್‌ನ ಲಂಡನ್ ವಿಭಾಗ 2008ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಅಧಿಕಾರಿಗಳಿಗೆ ಮೇಡಾಫನ ಲಾಭದ ಬಗ್ಗೆ ಅನುಮಾನ ವ್ಯಕ್ತಪಡಿಸಿ ವರದಿ ಮಾಡಿತ್ತು, ಬ್ಯಾಂಕು ತಾನು ಮಧ್ಯವರ್ತಿ ನಿಧಿಗಳಲ್ಲಿ ತೊಡಗಿಸಿದ್ದ ಹಣದ ಬಹುಭಾಗವನ್ನೂ ಹಿಂದಕ್ಕೆ ಪಡೆದಿತ್ತು. ಅಮೆರಿಕದಲ್ಲಿ ಮಾತ್ರ ಯಾರಿಗೂ ವರದಿ ಮಾಡಲಿಲ್ಲ. 2014ರ ಜನವರಿಯಲ್ಲಿ ಬ್ಯಾಂಕು ಈ ಲೋಪಕ್ಕಾಗಿ ಅಮೆರಿಕ ಸರ್ಕಾರಕ್ಕೆ 170 ಕೋಟಿ ಡಾಲರ್ ಕಟ್ಟಿತು, ಆ ಹಣ ಸಂತ್ರಸ್ತರ ಪರಿಹಾರಕ್ಕೆ ಹೋಯಿತು.

ಕೊನೆಗೆ ವಂಚನೆ ಬಯಲಾದದ್ದು ಹೇಗೆ?

ಯಾವ ನಿಯಂತ್ರಕರೂ ಹಿಡಿಯಲಿಲ್ಲ, ಹಣ ಮುಗಿಯಿತು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಎಲ್ಲ ಕಡೆ ನಗದಿನ ಬರ ಬಂದಾಗ ಗ್ರಾಹಕರು ಸುಮಾರು 700 ಕೋಟಿ ಡಾಲರ್ ವಾಪಸ್ ಕೇಳಿದರು. ಡಿಸೆಂಬರ್ 10ರಂದು ಮೇಡಾಫ್ ತನ್ನ ಮಕ್ಕಳಾದ ಮಾರ್ಕ್ ಮತ್ತು ಆಂಡ್ರೂ ಮುಂದೆ ಇದೆಲ್ಲ ಒಂದು ದೊಡ್ಡ ಸುಳ್ಳೆಂದು ಒಪ್ಪಿಕೊಂಡ. ಅವರು ವಕೀಲರ ಮೂಲಕ ಅಧಿಕಾರಿಗಳಿಗೆ ತಿಳಿಸಿದರು, ಮರುದಿನ ಬೆಳಿಗ್ಗೆ ಎಫ್‌ಬಿಐ ಬಂಧಿಸಿತು. ಬಂದವರು, ಮೇಡಾಫ್ ತನಗಿಷ್ಟವಾದವರಿಗೆ ಕೊಡಲೆಂದು ಸಹಿ ಹಾಕಿಟ್ಟ ಸುಮಾರು 17.3 ಕೋಟಿ ಡಾಲರ್ ಮೊತ್ತದ ಚೆಕ್‌ಗಳನ್ನು ಆತನ ಮೇಜಿನಲ್ಲಿ ಕಂಡರು.

ಯಾರಿಗೆ ಏನು ಶಿಕ್ಷೆಯಾಯಿತು?

2009ರ ಮಾರ್ಚ್ 12ರಂದು ಮೇಡಾಫ್ ಹನ್ನೊಂದು ಆರೋಪಗಳನ್ನು ಒಪ್ಪಿಕೊಂಡ. ಜೂನ್ 29ರಂದು ನ್ಯಾಯಾಧೀಶ ಡೆನ್ನಿ ಚಿನ್ 150 ವರ್ಷಗಳ ಸೆರೆವಾಸ ವಿಧಿಸಿದರು. 2021ರ ಏಪ್ರಿಲ್ 14ರಂದು 82ನೇ ವಯಸ್ಸಿನಲ್ಲಿ ಆತ ಉತ್ತರ ಕ್ಯಾರೊಲಿನಾದ ಬಟ್ನರ್ ಸೆರೆಮನೆಯಲ್ಲಿ ಸತ್ತ. ಡಿಪಾಸ್ಕಲಿ ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದ. ಇನ್ನೂ ಐವರು ನೌಕರರು 2014ರಲ್ಲಿ ಅಪರಾಧಿಗಳೆಂದು ಸಾಬೀತಾಯಿತು.

ಎಸ್‌ಇಸಿ ಅಧಿಕಾರಿಗಳ ಮೇಲೆ ಕ್ರಮವಾಯಿತೇ? ಸಂತ್ರಸ್ತರು ಅದರ ಮೇಲೆ ದಾವೆ ಹೂಡಬಹುದಿತ್ತೇ?

ಎಂಟು ಮಂದಿಯ ಮೇಲೆ ಶಿಸ್ತುಕ್ರಮ ಜರುಗಿಸಲಾಯಿತು, ಆದರೆ ಒಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ನಿರ್ಲಕ್ಷ್ಯಕ್ಕಾಗಿ ಸರ್ಕಾರ ಪರಿಹಾರ ಕೊಡಬೇಕೆಂದು ಕೆಲವು ಸಂತ್ರಸ್ತರು ನ್ಯಾಯಾಲಯಕ್ಕೆ ಹೋದರು. ತನಿಖೆಯನ್ನು ಹೇಗೆ ನಡೆಸಬೇಕೆಂಬುದು ಸರ್ಕಾರಿ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು, ಆ ವಿವೇಚನೆಯ ಬಗ್ಗೆ ದಾವೆ ನಿಲ್ಲುವುದಿಲ್ಲ ಎಂಬ ಕಾನೂನಿನ ಆಧಾರದ ಮೇಲೆ ಅವು ವಜಾಗೊಂಡವು. ಕಾನೂನಿನ ಪ್ರಕಾರ ತೀರ್ಪು ಸರಿಯಿರಬಹುದು. ಎಚ್ಚರಿಕೆಗಳಿದ್ದೂ ಕಾಯದಿದ್ದ ಕಾವಲುಗಾರರಿಗೆ ಯಾವ ಹೊಣೆಯೂ ಇಲ್ಲವೆಂದಾದರೆ ಹಣ ಕಳೆದುಕೊಂಡವರಿಗೆ ಅದನ್ನು ಒಪ್ಪುವುದು ಕಷ್ಟ, ಮತ್ತು ಅವರ ಆಕ್ರೋಶ ನ್ಯಾಯವಾದದ್ದೇ.

ಸಂತ್ರಸ್ತರಿಗೆ ಹಣ ವಾಪಸ್ ಬಂತೇ?

ಅಚ್ಚರಿಯಾಗುವಷ್ಟು ಬಂತು. ನ್ಯಾಯಾಲಯ ನೇಮಿಸಿದ ಟ್ರಸ್ಟಿ ಇರ್ವಿಂಗ್ ಪಿಕಾರ್ಡ್ ಅವರು ದಾವೆ ಮತ್ತು ಒಪ್ಪಂದಗಳ ಮೂಲಕ 1,400 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ವಸೂಲಿ ಮಾಡಿದರು. ಇದರಲ್ಲಿ ದೊಡ್ಡ ಪಾಲು ಜೆಫ್ರಿ ಪಿಕವರ್ ಎಂಬ ಹಳೆಯ ಹೂಡಿಕೆದಾರನ ಆಸ್ತಿಯಿಂದ ಬಂತು: ಆತ ಕಟ್ಟಿದ್ದಕ್ಕಿಂತ ಹೆಚ್ಚಾಗಿ ಪಡೆದಿದ್ದ 720 ಕೋಟಿ ಡಾಲರನ್ನು, ಆತನ ಮರಣದ ಬಳಿಕ 2010ರಲ್ಲಿ, ಪತ್ನಿ ಹಿಂದಿರುಗಿಸಲು ಒಪ್ಪಿದರು. ಮಧ್ಯವರ್ತಿ ನಿಧಿಗಳ ಮೂಲಕ ಕಳೆದುಕೊಂಡವರಿಗಾಗಿ ಅಮೆರಿಕದ ನ್ಯಾಯ ಇಲಾಖೆ ಬೇರೆ ನಿಧಿಯನ್ನು ಸ್ಥಾಪಿಸಿತು. ಅದು 2024ರ ಡಿಸೆಂಬರಿನ ಕೊನೆಯ ಕಂತಿನೊಂದಿಗೆ 127 ದೇಶಗಳ 40,000ಕ್ಕೂ ಹೆಚ್ಚು ಜನರಿಗೆ ಒಟ್ಟು 430 ಕೋಟಿ ಡಾಲರ್ ಹಂಚಿ, ಅವರ ನಷ್ಟದ ಸುಮಾರು ಶೇ. 94ರಷ್ಟನ್ನು ತುಂಬಿಕೊಟ್ಟಿತು. ಇದು ಅಸಲಿನ ಲೆಕ್ಕ. ಹದಿನಾರು ವರ್ಷಗಳ ಕಾಯುವಿಕೆಗೆ, ಆ ನಡುವೆ ತೀರಿಕೊಂಡವರಿಗೆ, ಮುಚ್ಚಿಹೋದ ದತ್ತಿ ಸಂಸ್ಥೆಗಳಿಗೆ ಇದರಲ್ಲಿ ಪರಿಹಾರವಿಲ್ಲ.

ಮೋಸದ ಅರಿವೇ ಇಲ್ಲದೆ ಲಾಭ ತೆಗೆದವರಿಂದಲೂ ಹಣ ಕೇಳಿದ್ದು ನ್ಯಾಯವೇ?

ಕಟ್ಟಿದ್ದಕ್ಕಿಂತ ಹೆಚ್ಚು ತೆಗೆದಿದ್ದರೆ ಆ ಹೆಚ್ಚುವರಿ ಹಣ ಮತ್ತೊಬ್ಬ ಸಂತ್ರಸ್ತನ ಅಸಲು ಎಂಬುದು ಟ್ರಸ್ಟಿಯ ವಾದ. ಕೊನೆಯ ವಿವರಪಟ್ಟಿಯ ಮೊತ್ತದ ಪ್ರಕಾರ ಹಂಚಬೇಕೆಂದು ಅನೇಕರು ವಾದಿಸಿದರು, ಆದರೆ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಟ್ರಸ್ಟಿಯ ಲೆಕ್ಕವನ್ನೇ ಎತ್ತಿಹಿಡಿಯಿತು. ಮೇಡಾಫ್ ಮನಬಂದಂತೆ ಬರೆದ ಅಂಕಿಗಳಿಗೆ ಮಾನ್ಯತೆ ಕೊಟ್ಟರೆ ಯಾರಿಗೆ ಎಷ್ಟು ಸಿಗಬೇಕೆಂಬುದನ್ನು ವಂಚಕನೇ ನಿರ್ಧರಿಸಿದಂತಾಗುತ್ತಿತ್ತು. ಹಾಗಿದ್ದರೂ ನಿವೃತ್ತಿಯ ಜೀವನೋಪಾಯಕ್ಕೆಂದು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೆಗೆದು ಖರ್ಚು ಮಾಡಿದ್ದ ವೃದ್ಧರಿಗೆ ಈ ನಿಯಮ ಬಹಳ ಕಠಿಣವಾಯಿತು. ಕೊಡಲು ಏನೂ ಉಳಿಯದವರ ಮೇಲಿನ ಬೇಡಿಕೆಯನ್ನು ಕಷ್ಟದ ಕಾರಣಕ್ಕೆ ಕೈಬಿಡುವ ವ್ಯವಸ್ಥೆಯನ್ನು ಟ್ರಸ್ಟಿ ಮಾಡಿದರು.

ಇದರ ನಂತರ ನಿಯಮಗಳಲ್ಲಿ ಏನು ಬದಲಾಯಿತು?

ಗ್ರಾಹಕರ ಆಸ್ತಿಯನ್ನು ತಾವೇ ಇಟ್ಟುಕೊಳ್ಳುವ ಹೂಡಿಕೆ ಸಲಹೆಗಾರರನ್ನು ಸ್ವತಂತ್ರ ಲೆಕ್ಕಪರಿಶೋಧಕರು ಮುನ್ಸೂಚನೆಯಿಲ್ಲದೆ ಪರಿಶೀಲಿಸಬೇಕೆಂದು 2009ರ ಕೊನೆಯಲ್ಲಿ ಎಸ್‌ಇಸಿ ನಿಯಮ ಬಿಗಿಗೊಳಿಸಿತು. ಬರುವ ದೂರುಗಳನ್ನೆಲ್ಲ ಒಂದೇ ವ್ಯವಸ್ಥೆಯಲ್ಲಿ ದಾಖಲಿಸಿ ಎಲ್ಲ ಕಚೇರಿಗಳಿಗೂ ಕಾಣುವಂತೆ ಮಾಡಿತು. 2010ರ ಡಾಡ್-ಫ್ರ್ಯಾಂಕ್ ಕಾಯ್ದೆಯು ಸುಳಿವು ಕೊಟ್ಟವರಿಗೆ, ವಿಧಿಸಿದ ದಂಡ 10 ಲಕ್ಷ ಡಾಲರ್ ಮೀರಿದರೆ, ವಸೂಲಾದ ಹಣದ ಶೇ. 10ರಿಂದ 30ರಷ್ಟನ್ನು ಬಹುಮಾನವಾಗಿ ಕೊಡುವ ವ್ಯವಸ್ಥೆ ತಂದಿತು. ವರ್ಷಗಟ್ಟಲೆ ಸ್ವಂತ ಖರ್ಚಿನಲ್ಲಿ ಬರೆದು ಬರೆದು ಕಳಿಸಿದ ಮಾರ್ಕೊಪೊಲಸ್ ಅಂಥವರಿಗೆ ಇಂದು ಕೇಳಿಸಿಕೊಳ್ಳುವ ಕಚೇರಿಯಾದರೂ ಒಂದಿದೆ.

ಮೇಡಾಫನ ಸಂಸ್ಥೆಯಲ್ಲಿ ಷೇರು ವ್ಯಾಪಾರಿ, ಹೂಡಿಕೆ ನಿರ್ವಾಹಕ, ಗ್ರಾಹಕರ ಆಸ್ತಿಯ ಪಾಲಕ ಎಲ್ಲವೂ ಆತನೊಬ್ಬನೇ ಆಗಿದ್ದ. ಈ ಮೂರೂ ಕೆಲಸ ಒಂದೇ ಕೈಯಲ್ಲಿರುವುದನ್ನು ಹೊಸ ನಿಯಮ ನಿಷೇಧಿಸಿಲ್ಲ, ಅಂಥವರ ಮೇಲಿನ ನಿಗಾವನ್ನು ಹೆಚ್ಚಿಸಿದೆ ಅಷ್ಟೇ. ನನ್ನ ದೃಷ್ಟಿಯಲ್ಲಿ ಅದು ಸಾಲದು: ಹಣ ಹೂಡುವವನೂ ಅದನ್ನು ಕಾಪಾಡುವವನೂ ಬೇರೆ ಬೇರೆಯಾಗಿರಲೇಬೇಕೆಂದು ಕಾನೂನು ಹೇಳಿದ್ದರೆ, 17ನೇ ಮಹಡಿಯಲ್ಲಿ ಮುದ್ರಿಸಿದ ವಿವರಪಟ್ಟಿ ಬೇರೊಬ್ಬ ಪಾಲಕನ ಪಟ್ಟಿಯೊಂದಿಗೆ ಮೊದಲ ತಿಂಗಳೇ ತಾಳೆಯಾಗುತ್ತಿರಲಿಲ್ಲ.